ವಂಶವೃಕ್ಷ ಬರೆಯಬೇಕಾ? ಅಜ್ಜಿಯಿಂದ ಶುರು ಮಾಡಿ

ನಮ್ಮದು ಉಡುಪಿ ಕಡೆಯ ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ, ಕುಟುಂಬ. ಇಂಥ ಮನೆಯವರು ವಂಶವೃಕ್ಷವನ್ನು ಅಪ್ಪನಿಂದ ಶುರು ಮಾಡಬೇಡಿ. ಅಮ್ಮ, ಅಜ್ಜಿ, ಅಜ್ಜಿಯ ಅಮ್ಮ, ಹೀಗೆ ಮೇಲೆ ಹೋಗಿ. ಬರಿ, ಅಂದರೆ ನಮ್ಮ ಗೋತ್ರ, ಬರುವುದು ತಾಯಿಯಿಂದಲೇ. ಒಂದೇ ಬರಿಯೊಳಗೆ ಮದುವೆ ಇಲ್ಲ, ಅಲ್ವಾ? ಅದಕ್ಕೇ ಹಿರಿಯ ಹೆಂಗಸರಿಗೆ ಎಲ್ಲರ ಬರಿಯೂ ಬಾಯಿಪಾಠ.

ನಾಗರಪಂಚಮಿಗೆ ಮೂಲ ನಾಗಬನಕ್ಕೆ (ಕುಟುಂಬದ ನಾಗನ ಕಲ್ಲುಗಳಿರುವ ಬನಕ್ಕೆ) ಹೋದವರು ನಾಗನಿಗೆ ತನು, ಅಂದರೆ ಹಾಲು, ಎಳನೀರು, ಎರೆದು ಸುಮ್ನೆ ವಾಪಸ್ ಬರಬೇಡಿ. ಮುಂಬೈಯವರೂ ಅವತ್ತು ಸಿಗುತ್ತಾರೆ. ಎಳನೀರು ಕುಡಿಯುತ್ತಾ ಕೇಳಿ: "ದೊಡ್ಡಮ್ಮ, ನಿಮ್ಮ ಅಜ್ಜಿಗೆ ಅಕ್ಕತಂಗಿಯರು ಎಷ್ಟು ಜನ? ಅವರ ಮಕ್ಕಳೆಲ್ಲ ಎಲ್ಲಿದ್ದಾರೆ?" ಗಂಡಸರನ್ನು ಕೇಳಿದರೆ ಜಾಗದ ತಕರಾರಿನ ಕಥೆಯೇ ಜಾಸ್ತಿ!

ಆಮೇಲೆ ಹಳೆಯ ಪಾಲುಪತ್ರ ಹುಡುಕಿ. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆಯಡಿ ಪಾಲಾದ ಮನೆಯಾದರೆ ಕವರು ಕವರಾಗಿ, ಅಂದರೆ ಒಬ್ಬೊಬ್ಬ ತಾಯಿಯ ಕವಲಿನಂತೆ, ಹೆಸರು ಸಿಗಬಹುದು. ಒಂದೇ ಹೆಸರು ಮತ್ತೆ ಮತ್ತೆ ಬಂದರೆ ಪಕ್ಕದಲ್ಲಿ ಮನೆಯ ಹೆಸರು ಬರೆದುಕೊಳ್ಳಿ.