ಒಂದೇ ಶೆಲ್ ಸ್ಕ್ರಿಪ್ಟ್ ಎಲ್ಲ ಲಿನಕ್ಸ್‌ಗಳಲ್ಲೂ ಓಡಬೇಕಾ?

ಶೆಲ್ ಸ್ಕ್ರಿಪ್ಟ್ ಅಂದರೆ ಸಾಲಾಗಿ ಓಡಿಸುವ ಕಮಾಂಡ್‌ಗಳ ಫೈಲು. ಅದರ ಮೊದಲ ಸಾಲು ನೋಡಿ, ಯಾವ ಶೆಲ್ (ಕಮಾಂಡ್ ಓಡಿಸುವ ಪ್ರೋಗ್ರಾಂ) ಬೇಕು ಅಂತ ಅದೇ ಹೇಳುವುದು. ಅಲ್ಲಿ #!/ಬಿನ್/ಎಸ್‌ಎಚ್ ಅಂತ ಬರೆದು, ಒಳಗೆ ಬ್ಯಾಶ್ ಎಂಬ ಶೆಲ್‌ನ ಅರೇ (ಪಟ್ಟಿ), ಜೋಡಿ ಚೌಕ ಬ್ರಾಕೆಟ್ ಎಲ್ಲಾ ಬಳಸಿದರೆ ಫೆಡೋರಾದಲ್ಲಿ ಸಲೀಸಾಗಿ ಓಡುತ್ತದೆ, ಉಬುಂಟುವಿನಲ್ಲಿ ಮುಗ್ಗರಿಸುತ್ತದೆ. ಯಾಕೆ ಗೊತ್ತಾ? ಫೆಡೋರಾದಲ್ಲಿ ಎಸ್‌ಎಚ್ ಅಂದರೆ ಬ್ಯಾಶ್. ಉಬುಂಟು 2006ರ 6.10 ಆವೃತ್ತಿಯಿಂದಲೇ ಡ್ಯಾಶ್ ಎಂಬ ಚಿಕ್ಕ ಶೆಲ್‌ಗೆ ಬದಲಾಗಿದೆ. ಆಲ್ಪೈನ್‌ನಲ್ಲಿ ಬ್ಯುಸಿಬಾಕ್ಸ್‌ನ (ಚಿಕ್ಕ ಕಮಾಂಡ್‌ಗಳ ಕಟ್ಟು) ಆ್ಯಶ್ ಎಂಬ ಶೆಲ್ ಇರುತ್ತದೆ, ಬ್ಯಾಶ್ ಬೇಕಿದ್ದರೆ ನಾವೇ ಹಾಕಿಕೊಳ್ಳಬೇಕು. ಹಾಗಾಗಿ ಬ್ಯಾಶ್ ಬೇಕೇ ಬೇಕು ಅಂದರೆ ಮೊದಲ ಸಾಲಲ್ಲೇ '#!/ಯುಎಸ್‌ಆರ್/ಬಿನ್/ಎನ್ವ್ ಬ್ಯಾಶ್' ಅಂತ ಬರೆಯಿರಿ. ಇಲ್ಲದಿದ್ದರೆ ಪಾಸಿಕ್ಸ್ ಎಂಬ ಸಾಮಾನ್ಯ ಮಾನದಂಡದಲ್ಲಿ ಇರುವಷ್ಟನ್ನೇ ಬಳಸಿ.

ಪ್ಯಾಕೇಜ್ ಹಾಕೋದು ಇನ್ನೂ ಜಾಸ್ತಿ ತಲೆನೋವು. ಸುಮ್ನೆ ಡಿಸ್ಟ್ರೋ (ಉಬುಂಟು, ಫೆಡೋರಾದಂಥ ಲಿನಕ್ಸ್ ಬಗೆ) ಹೆಸರು ಹುಡುಕುವ ಬದಲು, ಆಪ್ಟ್-ಗೆಟ್, ಡಿಎನ್‌ಎಫ್, ಪ್ಯಾಕ್‌ಮ್ಯಾನ್, ಎಪಿಕೆ ಈ ಪ್ಯಾಕೇಜ್ ಹಾಕುವ ಕಮಾಂಡ್‌ಗಳಲ್ಲಿ ಯಾವುದಿದೆ ಅಂತ 'ಕಮಾಂಡ್ -ವಿ' ಬಳಸಿ ನೋಡಿ. ಹೆಸರೇ ಬೇಕಾದರೆ /ಇಟಿಸಿ/ಓಎಸ್-ರಿಲೀಸ್ ಫೈಲಿನಲ್ಲಿ ಐಡಿ ಸಿಗುತ್ತದೆ. ಪ್ಯಾಕೇಜ್ ಹೆಸರುಗಳೂ ಬದಲಾಗುತ್ತವೆ: ಅಪಾಚೆ ವೆಬ್ ಸರ್ವರ್ ಉಬುಂಟುವಿನಲ್ಲಿ ಅಪಾಚೆ2, ಫೆಡೋರಾದಲ್ಲಿ ಎಚ್‌ಟಿಟಿಪಿಡಿ.

ಪರದೆ ಮೇಲೆ ಬರೆಯಲು 'ಎಕೋ -ಇ' ನಂಬಬೇಡಿ, ಡ್ಯಾಶ್ ಆ '-ಇ'ಯನ್ನೂ ಪರದೆ ಮೇಲೆ ಅಚ್ಚು ಹಾಕುತ್ತದೆ. ಪ್ರಿಂಟ್‌ಎಫ್ ಬಳಸಿ. ಆಮೇಲೆ ಸ್ಕ್ರಿಪ್ಟ್‌ನ ತಪ್ಪು ಹುಡುಕುವ ಶೆಲ್‌ಚೆಕ್ ಓಡಿಸಿ, ಅದು ಹೇಳುವ ತಪ್ಪುಗಳನ್ನು ಸರಿಮಾಡಿ, ಡಾಕರ್‌ನಲ್ಲಿ (ಒಂದೇ ಕಂಪ್ಯೂಟರಿನಲ್ಲಿ ಬೇರೆ ಬೇರೆ ಲಿನಕ್ಸ್ ಓಡಿಸುವ ಸಾಧನ) ಡೆಬಿಯನ್, ಫೆಡೋರಾ, ಆಲ್ಪೈನ್ ಮೂರರಲ್ಲೂ ಓಡಿಸಿ ನೋಡಿ.