ಬಿ.ಕಾಂ. ಓದಿದವರು ವಿಜ್ಞಾನಕ್ಕೆ ಹೊರಳಬೇಕೆಂದರೆ

ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವ ನನಗೆ ಈ ವಯಸ್ಸಿನಲ್ಲಿ ಬಿ.ಎಸ್‌ಸಿ. ಆಸೆ. ಅಡ್ಡ ಬಂದದ್ದು ವಾಣಿಜ್ಯದ ಪಿಯುಸಿ; ಬಿ.ಎಸ್‌ಸಿ.ಗೆ ಆ ಹಂತದಲ್ಲಿ ವಿಜ್ಞಾನ ಓದಿರಬೇಕು. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆಯಲ್ಲಿ, ಅಂದರೆ ಎನ್‌ಐಒಎಸ್‌ನಲ್ಲಿ, ಪಿಯುಸಿ ಮಟ್ಟದ ಆ ವಿಜ್ಞಾನವನ್ನು ಈಗಲೂ ಓದಬಹುದು; ಗರಿಷ್ಠ ವಯೋಮಿತಿಯಿಲ್ಲ. ಪೂರ್ಣ ಪ್ರಮಾಣಪತ್ರಕ್ಕೆ ಭಾಷೆಯೂ ಸೇರಿ 5 ವಿಷಯ ಬೇಕು. ಬಿಡಿ ವಿಷಯಗಳನ್ನೂ ಕಟ್ಟಬಹುದು. ಬಿಡಿ ಅಂಕಪಟ್ಟಿ ಸಾಕೇ ಎಂದು ಸೇರಲಿರುವ ಕಾಲೇಜನ್ನು ಮೊದಲೇ ಕೇಳಿ, ಉತ್ತರವನ್ನು ಬರಹದಲ್ಲೇ ಪಡೆಯಿರಿ. ‘ಆಮೇಲೆ ನೋಡೋಣ’ ಎಂಬುದು ಉತ್ತರವಲ್ಲ.

ಪರೀಕ್ಷೆ ವರ್ಷಕ್ಕೆರಡು ಬಾರಿ. ಮಾರ್ಚ್ ಲೆಕ್ಕ ಮುಗಿಸುವ ನಮ್ಮಂಥವರಿಗೆ ಏಪ್ರಿಲ್‌ಗಿಂತ ಅಕ್ಟೋಬರ್ ವಾಸಿ.

ಓದು ಮನೆಯಲ್ಲಾದೀತು, ಪ್ರಯೋಗ ಆಗದು. ಅಧ್ಯಯನ ಕೇಂದ್ರದ ಪ್ರಯೋಗಾಲಯ ಬಿಡಬೇಡಿ. ಬ್ಯುರೆಟ್‌ನಲ್ಲಿ, ಅಂದರೆ ದ್ರಾವಣ ಅಳೆಯುವ ಗೆರೆ ಹಾಕಿದ ಗಾಜಿನ ಕೊಳವೆಯಲ್ಲಿ, ಬಣ್ಣವಿಲ್ಲದ ದ್ರಾವಣವಿದ್ದರೆ ಅದರ ಬಾಗಿದ ಮೇಲ್ಮೈಯ ತಳವನ್ನು ಕಣ್ಣಮಟ್ಟಕ್ಕೆ ಹಿಡಿದು ಓದಬೇಕು. ಕಡುನೇರಳೆಯ ಪೊಟ್ಯಾಸಿಯಂ ಪರ್ಮಾಂಗನೇಟ್ ಇದ್ದರೆ ಮೇಲಂಚನ್ನು.