ಅಮ್ಮನಿಗೊಂದು ಸಿನಿಮಾ ಪ್ಲೇಯರ್ ಮಾಡಿದ್ದು

ಹಾರ್ಡ್ ಡಿಸ್ಕ್ ತುಂಬ ಹಳೇ ಕನ್ನಡ ಸಿನಿಮಾ ಇದ್ದರೂ, ನಾನು ಊರಿಗೆ ಹೋಗಿ ಹಾಕಿಕೊಟ್ಟರೆ ಮಾತ್ರ ಅಮ್ಮ ನೋಡುತ್ತಿದ್ದರು. ಟಿವಿಗೆ ರಾಸ್ಪ್‌ಬೆರಿ ಪೈ 4 ಅನ್ನುವ ಪುಟ್ಟ ಕಂಪ್ಯೂಟರ್ ಸಿಕ್ಕಿಸಿ, ಹೆಸರಾಂತ ಉಚಿತ ಪ್ಲೇಯರ್ ಒಂದನ್ನು ಹಾಕಿಟ್ಟಿದ್ದೆ. ಅದರಲ್ಲಿ ಇಲ್ಲದ್ದೇ ಇಲ್ಲ. ಅದೇ ಅಮ್ಮನಿಗೆ ಕಷ್ಟವಾಗಿದ್ದು. ಕೊನೆಗೆ ನಾನೇ ಒಂದು ಬರೆಯಲು ಕೂತೆ. ವಿಡಿಯೊ ಓಡಿಸುವ ಕೆಲಸ ಎಂಪಿವಿ ಅನ್ನುವ ಸಿದ್ಧ ತಂತ್ರಾಂಶದ್ದು, ಮೇಲಿನ ಮೆನು ಮಾತ್ರ ನನ್ನದು.

ಎರಡನೇ ರಿಮೋಟ್ ಬೇಡ ಅಂತ ಮೊದಲೇ ತೀರ್ಮಾನಿಸಿದ್ದೆ. ಎಚ್‌ಡಿಎಂಐ ಕೇಬಲ್ ಒಳಗೇ ಸಿಇಸಿ ಅಂತ ಒಂದು ತಂತಿ ಇರುತ್ತದೆ. ಟಿವಿ ರಿಮೋಟಿನಲ್ಲಿ ಒತ್ತಿದ್ದು ಅದರ ಮೂಲಕ ಪೈಗೆ ಹೋಗುತ್ತದೆ. ನಾಲ್ಕು ಬಾಣ, ಓಕೆ, ಬ್ಯಾಕ್. ಆರು ಗುಂಡಿಯಲ್ಲಿ ಆಗದ ಕೆಲಸ ನನ್ನ ಪ್ಲೇಯರ್‌ನಲ್ಲಿ ಇರಕೂಡದು.

ಮುಗಿಯಿತು ಅಂದುಕೊಂಡು ಅಮ್ಮನ ಕೈಗೆ ಕೊಟ್ಟೆ. ಓಕೆ ಒತ್ತಿದರು. ಏನೂ ಆಗಲಿಲ್ಲ. ಮತ್ತೆ ಒತ್ತಿದರು. ಸಿನಿಮಾ ಶುರುವಾಗಿ ಅಲ್ಲೇ ನಿಂತುಹೋಯಿತು. ‘ಕೆಟ್ಟೋಯ್ತು ನೋಡು’ ಅಂತ ರಿಮೋಟ್ ಕೆಳಗಿಟ್ಟರು. ಆಗಿದ್ದು ಇಷ್ಟೇ: ಮಲಗಿದ್ದ ಹಾರ್ಡ್ ಡಿಸ್ಕ್ ಎದ್ದು ತಿರುಗಲು ಕೆಲವು ಸೆಕೆಂಡ್ ಬೇಕು. ಅಷ್ಟರಲ್ಲಿ ಒತ್ತಿದ ಎರಡನೇ ಓಕೆ, ಸಿನಿಮಾ ನಿಲ್ಲಿಸುವ ‘ಪಾಸ್’ (pause) ಆಗಿಬಿಟ್ಟಿತ್ತು. ಈಗ ಒತ್ತಿದ ಕೂಡಲೇ ಸಿನಿಮಾ ಹೆಸರು ದೊಡ್ಡದಾಗಿ ಬಂದು, ಕೆಳಗೆ ‘ತೆರೆಯುತ್ತಿದೆ’ ಅಂತ ಕಾಣುತ್ತದೆ. ಚಿತ್ರ ಮೂಡುವವರೆಗೆ ಓಕೆ ಎಷ್ಟು ಸಲ ಒತ್ತಿದರೂ ಲೆಕ್ಕಕ್ಕಿಲ್ಲ. ಸಿನಿಮಾ ಒಂದು ಸೆಕೆಂಡೂ ಬೇಗ ಬರುತ್ತಿಲ್ಲ, ಆದರೂ ‘ಫಾಸ್ಟ್ ಮಾಡಿದೀಯಾ’ ಅಂದರು!

ಆಮೇಲಿನ ತಪ್ಪು ನನಗೆ ಹೊಳೆದೇ ಇರಲಿಲ್ಲ. ನಿಲ್ಲಿಸಿದ ಜಾಗದಿಂದ ಮುಂದುವರಿಸುವುದು ಎಲ್ಲರೂ ಮಾಡುವ ಕೆಲಸ ಅಲ್ವಾ? ಕೊನೆಯ 8 ಪರ್ಸೆಂಟ್ ಒಳಗೆ ನಿಲ್ಲಿಸಿದರೆ ‘ನೋಡಿ ಆಯಿತು’ ಅಂತ ಲೆಕ್ಕ ಹಾಕಿದೆ. ಕೊನೆಗೆ ಬರೋದು ಹೆಸರುಗಳ ಪಟ್ಟಿ ತಾನೇ ಅಂತ. ಹಳೇ ಸಿನಿಮಾಗಳಲ್ಲಿ ಹೆಸರೆಲ್ಲ ಶುರುವಿನಲ್ಲೇ ಬಂದುಹೋಗುತ್ತವೆ. ಕೊನೆಗೆ ‘ಶುಭಂ’, ಮುಗಿಯಿತು. ಎರಡೂವರೆ ಗಂಟೆಯ ಸಿನಿಮಾದಲ್ಲಿ 8 ಪರ್ಸೆಂಟ್ ಅಂದರೆ 12 ನಿಮಿಷ, ಅಂದರೆ ಕ್ಲೈಮ್ಯಾಕ್ಸೇ. ಅಮ್ಮ ಅಲ್ಲಿಗೆ ನಿದ್ದೆ ಬಂದು ಆಫ್ ಮಾಡಿ, ಮರುದಿನ ಹಾಕಿದರೆ ಸಿನಿಮಾ ಮೊದಲಿಂದ. ಪರ್ಸೆಂಟ್ ತೆಗೆದು ಕೊನೆಯ ಒಂದು ನಿಮಿಷ ಅಂತ ಮಾಡಿದೆ.

ಅಕ್ಷರದ ಗೋಳು ಬೇರೆ. ಮೊದಲು ಮೆನುವಿಗೆ ಬಳಸಿದ ಲೈಬ್ರರಿ (ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಒತ್ತಕ್ಷರಗಳನ್ನು ಬಿಡಿಸಿ ಪಕ್ಕಪಕ್ಕ ಕೂರಿಸುತ್ತಿತ್ತು. ಎಂಪಿವಿ ಸಬ್‌ಟೈಟಲ್‌ಗೆ ಬಳಸುವ ಲಿಬಾಸ್ ಅನ್ನುವ ಲೈಬ್ರರಿ, ಅಕ್ಷರ ಜೋಡಿಸುವ ತಂತ್ರಾಂಶವಾದ ಹಾರ್ಫ್‌ಬಝ್ ಮೂಲಕ ಕನ್ನಡವನ್ನು ಸರಿಯಾಗಿ ಜೋಡಿಸುತ್ತದೆ. ಹಾಗಾಗಿ ಮೆನುವನ್ನೂ ಅದರಲ್ಲೇ ಬರೆಸಿದೆ. ಆದರೂ ಸಾಲಿನ ಎತ್ತರ ಇಂಗ್ಲಿಷ್‌ಗೆ ತಕ್ಕಂತೆ ಇಟ್ಟಿದ್ದರಿಂದ ಒತ್ತುಗಳ ಬಾಲ ಕತ್ತರಿಸಿ ಹೋಗುತ್ತಿತ್ತು. ಅದನ್ನು ಸುಮ್ನೆ ಕಣ್ಣಳತೆಯಲ್ಲೇ ಹೆಚ್ಚಿಸಿದೆ. ಹತ್ತು ಅಡಿ ದೂರದ ಕುರ್ಚಿಯಲ್ಲಿ ಕೂತು ನೋಡಿ, ಎದ್ದು ಬಂದು ತಿದ್ದಿ, ಮತ್ತೆ ಕೂತು.

ಪೋಸ್ಟರ್ ತಾನಾಗೇ ಹುಡುಕುವ ಆಸೆ ಒಂದೇ ದಿನದಲ್ಲಿ ಬಿಟ್ಟೆ. 1973ರ ‘ಗಂಧದ ಗುಡಿ’ಗೆ 2022ರಲ್ಲಿ ಬಂದ ಅದೇ ಹೆಸರಿನ ಸಾಕ್ಷ್ಯಚಿತ್ರದ ಪೋಸ್ಟರ್ ಬಂದು ಕೂತಿತ್ತು. ಅಪ್ಪನ ಸಿನಿಮಾಕ್ಕೆ ಮಗನ ಚಿತ್ರ! ಈಗ ಪ್ರತಿ ಸಿನಿಮಾದಿಂದ ಮುಖ ಚೆನ್ನಾಗಿ ಕಾಣುವ ಒಂದು ಫ್ರೇಮ್ ನಾನೇ ಆರಿಸುತ್ತೇನೆ. ಅಮ್ಮ ಹೆಸರು ಓದುವುದೇ ಇಲ್ಲ, ಮುಖ ನೋಡಿ ಒತ್ತುತ್ತಾರೆ.

ಹೋದ ವಾರ ಫೋನಿನಲ್ಲಿ ಕೇಳಿದರು, ‘ಬರೀ ಹಾಡು ಹಾಕೋಕೆ ಬರಲ್ವಾ?’ ಬಲಗಡೆ ಬಾಣ ಒತ್ತಿದರೆ ಮುಂದಿನ ಹಾಡಿಗೆ ಹೋಗುವ ಹಾಗೆ ಮಾಡಿದೆ. ಆದರೆ ಯಾವ ಹಾಡು ಎಲ್ಲಿ ಶುರು ಅಂತ ಒಂದೊಂದು ಸಿನಿಮಾಕ್ಕೂ ಕೈಯಾರೆ ಗುರುತು ಹಾಕಬೇಕು. ಇವತ್ತಿಗೆ ಹನ್ನೊಂದು ಮುಗಿದಿವೆ.